ಅಣೆಕಟ್ಟಿನ ನೀರು ಯಾರ ಮಾತು ಕೇಳುತ್ತದೆ?

ಮಕ್ಕಳೇ, ದಕ್ಷಿಣ ಭಾರತದ ಭೂಪಟ ಎದುರಿಗೆ ಹರಡಿಕೊಳ್ಳಿ. ಮೈಸೂರಿನ ಮೇಲೆ ಬೆರಳಿಟ್ಟು ಕೆಳಕ್ಕೆ ಸರಿಸುತ್ತಾ ಬನ್ನಿ. ನೀಲಗಿರಿ ದಾಟಿತು, ಆನೆಮಲೆ ದಾಟಿತು. ಕೇರಳ ಮತ್ತು ತಮಿಳುನಾಡು ಒಂದನ್ನೊಂದು ಮುಟ್ಟುವ ಕಡೆ, ಪಶ್ಚಿಮಘಟ್ಟದ ಪೂರ್ವದ ಬುಡದಲ್ಲಿ ಉದ್ದಕ್ಕೆ ಮಲಗಿದ ಒಂದು ಕಣಿವೆ ಇದೆ. ಅದು ಕಂಬಂ ಕಣಿವೆ. ತೇನಿ ಜಿಲ್ಲೆಗೆ ಸೇರಿದ್ದು, ಪಕ್ಕಕ್ಕೆ ದಿಂಡಿಗಲ್ ಜಿಲ್ಲೆ. ಅಲ್ಲಿ ಭತ್ತ, ಬಾಳೆ, ತೆಂಗು ಬೆಳೆಯುತ್ತಾರೆ. ದ್ರಾಕ್ಷಿಯಂತೂ ವರ್ಷವಿಡೀ ಬಿಡುತ್ತದೆ. ಆ ಊರುಗಳಲ್ಲಿ ಮನೆಯೊಳಗೆ ಕನ್ನಡವನ್ನೇ ಆಡುವ ಕುಟುಂಬಗಳೂ ಇವೆ. ತಲೆಮಾರುಗಳ ಹಿಂದೆ ನಮ್ಮ ಕಡೆಯಿಂದ ಹೋಗಿ ನೆಲೆಸಿದ ಕಪ್ಪಿಲಿಯರು, ಅನುಪ್ಪರು ಅವರು. ಶಾಲೆಯಲ್ಲಿ ತಮಿಳು, ಅಜ್ಜಿಯ ಹತ್ತಿರ ಕನ್ನಡ, ಹೀಗೆ ಬೆಳೆಯುವ ಮಕ್ಕಳು ಅಲ್ಲಿದ್ದಾರೆ.

ಅಲ್ಲಿ ಇಷ್ಟು ಹಸಿರು ಇರುವುದೇ ಒಂದು ಆಶ್ಚರ್ಯ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬಂದು ಘಟ್ಟಕ್ಕೆ ಬಡಿಯುತ್ತದೆ. ಮೇಲಕ್ಕೆ ಏರಿದಂತೆ ತಣ್ಣಗಾಗಿ, ಹೊತ್ತಿದ್ದ ನೀರನ್ನೆಲ್ಲ ಕೇರಳದ ಇಳಿಜಾರಿನಲ್ಲೇ ಸುರಿದುಬಿಡುತ್ತದೆ. ಘಟ್ಟ ಹತ್ತಿ ಈಚೆಗೆ ಇಳಿಯುವಾಗ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹೀಗೆ ಮಳೆ ತಪ್ಪುವ ಜಾಗಕ್ಕೆ ಮಳೆನೆರಳಿನ ಪ್ರದೇಶ ಎನ್ನುತ್ತಾರೆ. ನಮ್ಮ ಹಾಸನ, ಚಿತ್ರದುರ್ಗದ ಬಯಲುಗಳಿಗೂ ಇದೇ ಕತೆ. ಹಾಗಾದರೆ ಕಂಬಂಗೆ ನೀರು ಎಲ್ಲಿಂದ ಬಂತು? ಘಟ್ಟದ ಆಚೆ ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಗೆ ಕಾಡಿನ ನಡುವೆ ಅಡ್ಡಗಟ್ಟೆ ಹಾಕಿ, ಬೆಟ್ಟದಲ್ಲಿ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು, ನೀರನ್ನು ಪೂರ್ವಕ್ಕೆ ತಿರುಗಿಸಿದ್ದಾರೆ. ಆ ಅಡ್ಡಗಟ್ಟೆಯೇ ಮುಲ್ಲಪೆರಿಯಾರ್ ಅಣೆಕಟ್ಟು. ನೀರು ಲೋವರ್ ಕ್ಯಾಂಪ್ ಎಂಬಲ್ಲಿ ಬೆಟ್ಟದಿಂದ ಕೊಳವೆಯಲ್ಲಿ ಧುಮುಕಿ ವಿದ್ಯುತ್ ಕೊಡುತ್ತದೆ, ಕಂಬಂನ ಗದ್ದೆಗಳನ್ನು ತೋಯಿಸುತ್ತದೆ, ವೈಗೈ ನದಿಗೆ ಸೇರಿ ದಿಂಡಿಗಲ್, ಮಧುರೈ, ಶಿವಗಂಗೆ, ರಾಮನಾಥಪುರಗಳ ತನಕ ಹೋಗುತ್ತದೆ.

ಆ ಅಣೆಕಟ್ಟಿನಲ್ಲಿ ನೀರು ಎಷ್ಟು ಅಡಿ ನಿಲ್ಲಬೇಕು ಎಂದು ಹೇಳುವವರು ಯಾರು? ‘ಸರ್ಕಾರ’ ಎಂದು ನೀವು ಥಟ್ಟನೆ ಉತ್ತರ ಕೊಡುತ್ತೀರಿ. ಸರಿ. ಆದರೆ ಅಣೆಕಟ್ಟು ನಿಂತ ನೆಲ ಕೇರಳದ್ದು. ಅಣೆಕಟ್ಟನ್ನು ನಡೆಸುವುದು, ನೀರು ಬಳಸುವುದು ತಮಿಳುನಾಡು. ದೇಶದ ರಾಜಧಾನಿ ಇರುವುದು ದೆಹಲಿಯಲ್ಲಿ. ಈಗ ಹೇಳಿ, ಯಾವ ಸರ್ಕಾರ? ಭಾರತ ಸರ್ಕಾರ ಹೇಗೆ ನಡೆಯುತ್ತದೆ ಎಂದು ತಿಳಿಯಲು ಈ ಅಣೆಕಟ್ಟಿಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಮೊದಲು ಹಳೆಯ ಕಾಲಕ್ಕೆ ಹೋಗಿ ಬರೋಣ. 1886ರ ಅಕ್ಟೋಬರ್ 29ರಂದು, ಇಂದಿನ ಕೇರಳದ ದಕ್ಷಿಣ ಭಾಗವನ್ನು ಆಳುತ್ತಿದ್ದ ತಿರುವಾಂಕೂರಿನ ಮಹಾರಾಜರ ಪರವಾಗಿ ಒಬ್ಬರು, ಲಂಡನ್ನಿನಲ್ಲಿ ಕೂತು ಭಾರತದ ಆಡಳಿತ ನೋಡುತ್ತಿದ್ದ ಮಂತ್ರಿಯ ಪರವಾಗಿ ಇನ್ನೊಬ್ಬರು ಒಂದು ಗುತ್ತಿಗೆ ಪತ್ರಕ್ಕೆ ಸಹಿ ಹಾಕಿದರು. ನೀರಿನಲ್ಲಿ ಮುಳುಗುವ 8,000 ಎಕರೆಗೆ ಎಕರೆಗೆ 5 ರೂಪಾಯಿಯಂತೆ ವರ್ಷಕ್ಕೆ 40,000 ರೂಪಾಯಿ ಬಾಡಿಗೆ. ಗುತ್ತಿಗೆಯ ಅವಧಿ 999 ವರ್ಷ! ಅದು ಯಾವ ಇಸವಿಗೆ ಮುಗಿಯುತ್ತದೆ, ನೀವೇ ಕೂಡಿ ನೋಡಿ. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಮುಂದಾಳತ್ವದಲ್ಲಿ ಕಲ್ಲು, ಸುಣ್ಣ, ಸುರ್ಕಿಗಾರೆಯಿಂದ ಕಟ್ಟಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ಕಣಿವೆಯ ರೈತರು ಇಂದಿಗೂ ಜನವರಿ 15ರಂದು, ಪೊಂಗಲ್ ಹಬ್ಬದ ಹೊತ್ತಿಗೇ ಬರುವ ಅವರ ಹುಟ್ಟುಹಬ್ಬಕ್ಕೆ ಪೊಂಗಲ್ ಬೇಯಿಸುತ್ತಾರೆ. ಆ ಕೃತಜ್ಞತೆ ದೊಡ್ಡದು. ಆದರೂ ಒಂದು ವಿಷಯ ಗಮನಿಸಿ. ಆ ಗುತ್ತಿಗೆ ಬರೆಯುವಾಗ ಕಂಬಂ ರೈತರನ್ನು ಯಾರೂ ಕೇಳಲಿಲ್ಲ. ಅಣೆಕಟ್ಟಿನ ಕೆಳಗೆ ವಾಸಿಸುವ ಮಲೆನಾಡಿನ ಜನರನ್ನೂ ಕೇಳಲಿಲ್ಲ. ಕೇಳಬೇಕೆಂಬ ನಿಯಮವೇ ಇರಲಿಲ್ಲ. ಸಾಮಾನ್ಯ ಜನರಿಗೆ ಮತ ಇರಲಿಲ್ಲ.

1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂದ ಮೇಲೆ ಆ ಕಾಲ ಮುಗಿಯಿತು. ಸಂವಿಧಾನ ಬರೆದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಎಲ್ಲ ಅಧಿಕಾರ ಒಂದೇ ಕೈಗೆ ಸಿಕ್ಕರೆ ಆ ಕೈ ಯಾರದ್ದಾದರೂ ಅಪಾಯವೇ. ಅದಕ್ಕೆ ಅವರು ಅಧಿಕಾರವನ್ನು ಎರಡು ರೀತಿ ಹಂಚಿದರು. ಒಂದು, ಇಡೀ ದೇಶದ ಕೇಂದ್ರ ಸರ್ಕಾರಕ್ಕೂ ರಾಜ್ಯಗಳಿಗೂ ನಡುವೆ. ಇನ್ನೊಂದು, ಕಾನೂನು ಮಾಡುವವರು, ಅದನ್ನು ನಡೆಸುವವರು, ತಕರಾರು ಬಂದಾಗ ತೀರ್ಪು ಕೊಡುವವರು, ಈ ಮೂವರ ನಡುವೆ.

ಮೊದಲ ಹಂಚಿಕೆ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಅದರಲ್ಲಿ ಮೂರು ಪಟ್ಟಿಗಳು. ರೈಲು, ಸೈನ್ಯ, ಅಣುಶಕ್ತಿ, ನಾಣ್ಯ ನೋಟುಗಳು ಕೇಂದ್ರದ ಪಟ್ಟಿಯಲ್ಲಿವೆ. ಕೃಷಿ, ಪೊಲೀಸ್, ಭೂಮಿ, ನೀರು ರಾಜ್ಯದ ಪಟ್ಟಿಯಲ್ಲಿವೆ. ಶಿಕ್ಷಣ, ಅರಣ್ಯದಂಥವು ಇಬ್ಬರಿಗೂ ಸೇರಿದ ಮೂರನೇ ಪಟ್ಟಿಯಲ್ಲಿವೆ. ಈ ಎರಡನ್ನೂ ರಾಜ್ಯದ ಪಟ್ಟಿಯಿಂದ ಅಲ್ಲಿಗೆ ತಂದದ್ದು 1976ರಲ್ಲಿ. ನೀರು ರಾಜ್ಯದ್ದು ಎಂದರೂ, ಒಂದಕ್ಕಿಂತ ಹೆಚ್ಚು ರಾಜ್ಯಗಳ ನದಿಗಳ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ. ಕಾವೇರಿ, ಕೃಷ್ಣಾ ಎಂದು ಪೇಪರಿನಲ್ಲಿ ಓದುವಾಗ ಇದನ್ನು ನೆನಪಿಟ್ಟುಕೊಂಡರೆ ಅರ್ಧ ಸುದ್ದಿ ತಾನಾಗಿ ಅರ್ಥವಾಗುತ್ತದೆ.

ಈಗ ಕಂಬಂನ ಒಬ್ಬ ರೈತ ಮಹಿಳೆಯನ್ನು ಊಹಿಸಿಕೊಳ್ಳಿ. ಅವರಿಗೆ 18 ವರ್ಷ ತುಂಬಿದ ಮೇಲೆ ಮತ ಬಂತು. ಕಂಬಂ ವಿಧಾನಸಭಾ ಕ್ಷೇತ್ರಕ್ಕೆ ಒಬ್ಬ ಶಾಸಕರನ್ನು ಆರಿಸಲು ಅವರು ಮತ ಹಾಕುತ್ತಾರೆ. ಆ ಶಾಸಕರು ಚೆನ್ನೈಗೆ ಹೋಗುತ್ತಾರೆ. ತೇನಿ ಲೋಕಸಭಾ ಕ್ಷೇತ್ರಕ್ಕೆ ಒಬ್ಬ ಸಂಸದರನ್ನು ಆರಿಸಲು ಇನ್ನೊಂದು ಚುನಾವಣೆಯಲ್ಲಿ ಮತ ಹಾಕುತ್ತಾರೆ. ಆ ಸಂಸದರು ದೆಹಲಿಗೆ ಹೋಗುತ್ತಾರೆ. ಕಂಬಂ, ಬೋಡಿನಾಯಕನೂರು, ಪೆರಿಯಕುಳಂ, ಆಂಡಿಪಟ್ಟಿ, ಉಸಿಲಂಪಟ್ಟಿ, ಸೋಳವಂದಾನ್, ಈ ಆರು ವಿಧಾನಸಭಾ ಕ್ಷೇತ್ರಗಳು ಸೇರಿ ಒಂದು ತೇನಿ ಲೋಕಸಭಾ ಕ್ಷೇತ್ರ. ಲೋಕಸಭೆಗೆ ತಮಿಳುನಾಡಿನಿಂದ 39 ಜನ, ಕರ್ನಾಟಕದಿಂದ 28 ಜನ, ಇಡೀ ದೇಶದಿಂದ 543 ಜನ ಹೀಗೆ ಆಯ್ಕೆಯಾಗಿ ಬರುತ್ತಾರೆ. ಸಂಸತ್ತಿನ ಇನ್ನೊಂದು ಮನೆ ರಾಜ್ಯಸಭೆ. ಅದರ ಬಹುಪಾಲು ಸದಸ್ಯರನ್ನು ರಾಜ್ಯಗಳ ಶಾಸಕರು ಆರಿಸುತ್ತಾರೆ: ತಮಿಳುನಾಡಿನಿಂದ 18, ಕರ್ನಾಟಕದಿಂದ 12.

ಚುನಾವಣೆಯ ಮಾತು ಬಂತಲ್ಲ, ದಿಂಡಿಗಲ್ಲಿನ ಒಂದು ಪ್ರಸಂಗ ಹೇಳಿಯೇ ಮುಂದೆ ಹೋಗುತ್ತೇನೆ. ಅಲ್ಲಿನ ಸಂಸದರು ತೀರಿಕೊಂಡಾಗ 1973ರಲ್ಲಿ ಉಪಚುನಾವಣೆ ಬಂತು. ಒಂದು ಊರಿನ ಕುರ್ಚಿ ಸಂಸತ್ತಿನಲ್ಲಿ ಖಾಲಿ ಉಳಿದರೆ ಆ ಊರಿನ ಮಾತು ಅಲ್ಲಿ ಕೇಳಿಸುವುದಿಲ್ಲ, ಅದಕ್ಕೆ ಉಪಚುನಾವಣೆ. ನಟ ಎಂ.ಜಿ. ರಾಮಚಂದ್ರನ್ ಹಿಂದಿನ ವರ್ಷವಷ್ಟೇ ಹೊಸ ಪಕ್ಷ ಕಟ್ಟಿದ್ದರು. ಅವರ ಅಭ್ಯರ್ಥಿ ಮಾಯತ್ತೇವರ್ ‘ಎರಡು ಎಲೆ’ ಗುರುತಿನಲ್ಲಿ ನಿಂತು ಗೆದ್ದರು. ಮುಂದೆ ಆ ಗುರುತು ತಮಿಳುನಾಡಿನಲ್ಲಿ ಮನೆಮಾತಾಯಿತು. ಚುನಾವಣೆಯಲ್ಲಿ ಗುರುತಿನ ಚಿತ್ರ ಏಕೆ? 1951–52ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ಹೆಚ್ಚಿನ ಮತದಾರರಿಗೆ ಓದಲು ಬರುತ್ತಿರಲಿಲ್ಲ. ಓದು ಬಾರದವರಿಗೆ ಮತ ಇಲ್ಲ ಎನ್ನಲಿಲ್ಲ ನಮ್ಮ ದೇಶ. ಚಿತ್ರ ಕೊಟ್ಟು, ನೋಡಿ ಹಾಕಿ ಎಂದಿತು. ಇದು ನನಗೆ ತುಂಬ ಹೆಮ್ಮೆಯ ವಿಷಯ.

ಲೋಕಸಭೆಯಲ್ಲಿ ಯಾರಿಗೆ ಬಹುಮತದ ಬೆಂಬಲ ಇದೆಯೋ ಅವರನ್ನು ರಾಷ್ಟ್ರಪತಿಗಳು ಪ್ರಧಾನಮಂತ್ರಿಯಾಗಿ ನೇಮಿಸುತ್ತಾರೆ. ಪ್ರಧಾನಿ ತಮ್ಮ ಮಂತ್ರಿಗಳನ್ನು ಆರಿಸಿಕೊಳ್ಳುತ್ತಾರೆ. ಎಷ್ಟು ಮಂತ್ರಿಗಳು? ಇಷ್ಟಬಂದಷ್ಟಲ್ಲ. 2003ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಪ್ರಧಾನಿಯೂ ಸೇರಿ ಲೋಕಸಭೆಯ ಸದಸ್ಯರ ಸಂಖ್ಯೆಯ ನೂರಕ್ಕೆ 15ಕ್ಕಿಂತ ಹೆಚ್ಚು ಇರಬಾರದು. 543ಕ್ಕೆ ಲೆಕ್ಕ ಹಾಕಿದರೆ 81 ಜನ. ಇವರೆಲ್ಲ ಲೋಕಸಭೆಗೆ ಉತ್ತರ ಹೇಳಬೇಕು. ಲೋಕಸಭೆ ವಿಶ್ವಾಸ ಇಲ್ಲ ಎಂದು ಮತ ಹಾಕಿದರೆ ಇಡೀ ಸಚಿವ ಸಂಪುಟ ರಾಜೀನಾಮೆ ಕೊಡಬೇಕು. ಖರ್ಚು ಮಾಡುವ ಹಣಕ್ಕೂ ವರ್ಷ ವರ್ಷ ಲೋಕಸಭೆಯ ಒಪ್ಪಿಗೆ ಬೇಕು, ಅದೇ ಬಜೆಟ್. ಕೇಂದ್ರ ಸರ್ಕಾರದ ಕೆಲಸಕ್ಕೆ ಒಂದು ಉದಾಹರಣೆ ರೈಲು. ಮಧುರೈಯಿಂದ ಬೋಡಿನಾಯಕನೂರಿಗೆ ಹಿಂದೆ ಮೀಟರ್‌ಗೇಜ್ ರೈಲು ಓಡುತ್ತಿತ್ತು. ಹಳಿ ಅಗಲ ಮಾಡಬೇಕೆಂದು 2010ರ ಕೊನೆಗೆ ಅದನ್ನು ನಿಲ್ಲಿಸಿದರು. ಮತ್ತೆ ರೈಲು ತೇನಿಗೆ ಬಂದದ್ದು 2022ರಲ್ಲಿ, ಬೋಡಿಗೆ 2023ರಲ್ಲಿ. 2010ರಲ್ಲಿ ಹುಟ್ಟಿದ ಬೋಡಿಯ ಮಗು ತನ್ನ ಊರಿನ ನಿಲ್ದಾಣದಲ್ಲಿ ರೈಲು ನೋಡುವ ಹೊತ್ತಿಗೆ ಹೈಸ್ಕೂಲಿಗೆ ಬಂದಿತ್ತು. ರೈಲು ಕೇಂದ್ರದ ಪಟ್ಟಿಯಲ್ಲಿದೆ ಎಂದರೆ ಇದೇ: ಆ ಮಗುವಿನ ಊರಿನವರು ರೈಲು ಕೇಳಬೇಕಾದ್ದು ಚೆನ್ನೈಯನ್ನಲ್ಲ, ದೆಹಲಿಯನ್ನು.

ಇನ್ನು ಅಣೆಕಟ್ಟಿಗೆ ಮರಳೋಣ. 1979ರ ಆಗಸ್ಟಿನಲ್ಲಿ ಗುಜರಾತಿನ ಮೋರ್ಬಿಯ ಹತ್ತಿರ ಮಚ್ಚು ನದಿಯ ಅಣೆಕಟ್ಟು ಒಡೆದು ಬಹಳ ಜನ ಸತ್ತರು. ಆ ಸುದ್ದಿ ಕೇಳಿ, ಅದಕ್ಕಿಂತ ಎಷ್ಟೋ ಹಳೆಯದಾದ ಮುಲ್ಲಪೆರಿಯಾರಿನ ಕೆಳಗಿದ್ದ ಕೇರಳದ ಜನರ ಎದೆ ನಡುಗಿತು. ಕೇಂದ್ರ ಜಲ ಆಯೋಗದ ಎಂಜಿನಿಯರುಗಳು ಬಂದು ನೋಡಿದರು. ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಅಣೆಕಟ್ಟಿನ ನೆತ್ತಿಗೆ ಕಾಂಕ್ರೀಟ್ ಹೊದಿಸಿದರು, ಮೇಲಿನಿಂದ ಬುಡದ ಬಂಡೆಯ ತನಕ ರಂಧ್ರ ಕೊರೆದು ಉಕ್ಕಿನ ತಂತಿಗಳನ್ನು ಬಿಗಿದರು, ಬೆನ್ನಿಗೆ ಕಾಂಕ್ರೀಟಿನ ಒತ್ತು ಕೊಟ್ಟರು. ಕೆಲಸ ಆಯಿತು, ಇನ್ನು ನೀರು ಏರಿಸೋಣ ಎಂದಿತು ತಮಿಳುನಾಡು. ಬೇಡ, ನಮಗೆ ಭಯ ಎಂದಿತು ಕೇರಳ. ಇಬ್ಬರ ಮಾತಿನಲ್ಲೂ ನಿಜ ಇತ್ತು. ಕಂಬಂನಲ್ಲಿ ಗದ್ದೆ ಒಣಗುವ ಭಯ, ಕೇರಳದ ಇಡುಕ್ಕಿಯಲ್ಲಿ ಮನೆ ಕೊಚ್ಚಿಹೋಗುವ ಭಯ.

ಎರಡು ರಾಜ್ಯಗಳು ಜಗಳವಾಡಿದರೆ ಯಾರ ಹತ್ತಿರ ಹೋಗಬೇಕು? ಸುಪ್ರೀಂ ಕೋರ್ಟಿಗೆ. 2006ರ ಫೆಬ್ರುವರಿ 27ರಂದು ಕೋರ್ಟು ನೀರನ್ನು 142 ಅಡಿಗೆ ಏರಿಸಬಹುದು ಎಂದಿತು. ಮುಂದಿನ ತಿಂಗಳೇ ಕೇರಳದ ವಿಧಾನಸಭೆ ತನ್ನ ನೀರಾವರಿ ಕಾನೂನಿಗೆ ತಿದ್ದುಪಡಿ ತಂದು, 136 ಅಡಿಯೇ ಮಿತಿ ಎಂದು ಬರೆಯಿತು. ತಮಿಳುನಾಡು ಮತ್ತೆ ಕೋರ್ಟಿಗೆ ಹೋಯಿತು. ಈ ಸಲ ಕೋರ್ಟು ಆತುರಪಡಲಿಲ್ಲ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರ ಸಮಿತಿ ತಜ್ಞರಿಂದ ಅಣೆಕಟ್ಟಿನ ಪರೀಕ್ಷೆ ಮಾಡಿಸಿ, ಗಟ್ಟಿಯಾಗಿದೆ ಎಂದು 2012ರಲ್ಲಿ ವರದಿ ಕೊಟ್ಟಿತು. 2014ರ ಮೇ 7ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೇರಳದ ಆ ತಿದ್ದುಪಡಿಯನ್ನು ರದ್ದುಮಾಡಿತು.

ರದ್ದು ಮಾಡಿದ್ದು ಏಕೆ ಎಂಬುದು ಈ ಬರಹದಲ್ಲಿ ನೀವು ಎರಡು ಸಲ ಓದಬೇಕಾದ ಭಾಗ. ಕೇರಳದ ಜನರ ಭಯವನ್ನೂ ಕೋರ್ಟು ಕೇಳಿಸಿಕೊಂಡಿತು. ಅದು ಹೇಳಿದ್ದರ ಸಾರ ಇಷ್ಟು: ಎರಡೂ ಕಡೆಯವರ ಮಾತು ಕೇಳಿ, ಪುರಾವೆ ತೂಗಿ, ಅಣೆಕಟ್ಟು ಇಷ್ಟು ನೀರನ್ನು ತಾಳುತ್ತದೆ ಎಂದು ಕೋರ್ಟು ತೀರ್ಮಾನಿಸಿದೆ. ತಕರಾರಿನಲ್ಲಿ ಒಬ್ಬ ಕಕ್ಷಿದಾರನಾಗಿದ್ದ ರಾಜ್ಯವೇ ತನ್ನ ವಿಧಾನಸಭೆಯಲ್ಲಿ ಕಾನೂನು ಮಾಡಿ ಆ ತೀರ್ಪನ್ನು ಅಳಿಸಿಹಾಕುವಂತಿಲ್ಲ. ಕಾನೂನು ಮಾಡುವುದು ಒಬ್ಬರ ಕೆಲಸ, ತೀರ್ಪು ಹೇಳುವುದು ಇನ್ನೊಬ್ಬರ ಕೆಲಸ. ಇದು ಕೇರಳಕ್ಕೆ ಮಾತ್ರ ಹೇಳಿದ ಮಾತು ಎಂದುಕೊಳ್ಳಬೇಡಿ. 1991ರಲ್ಲಿ, ನದಿನೀರಿನ ಹಂಚಿಕೆಯ ತಕರಾರು ತೀರಿಸಲೆಂದೇ ಮಾಡಿದ್ದ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ, ಅದನ್ನು ತಪ್ಪಿಸಲು ನಮ್ಮ ಕರ್ನಾಟಕ ಸರ್ಕಾರವೂ ಒಂದು ಸುಗ್ರೀವಾಜ್ಞೆ, ಅಂದರೆ ಸದನ ನಡೆಯದಿದ್ದಾಗ ತರುವ ತುರ್ತು ಕಾನೂನು, ಹೊರಡಿಸಿತ್ತು. ರಾಷ್ಟ್ರಪತಿಗಳು ಅದರ ಬಗ್ಗೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಇದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಕೋರ್ಟು ಹೇಳಿತು. ನಮಗೆ ನೀರಿನ ಕಷ್ಟ ಇತ್ತು, ಅದು ನಿಜ. ಆದರೆ ಎದುರಿನವರಿಗೆ ಅನ್ವಯಿಸುವ ನಿಯಮ ನಮಗೂ ಅನ್ವಯಿಸಲೇಬೇಕು.

2014ರ ತೀರ್ಪು 142 ಅಡಿ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ಕೇಂದ್ರ ಜಲ ಆಯೋಗದ ಒಬ್ಬರು, ಎರಡೂ ರಾಜ್ಯಗಳಿಂದ ಒಬ್ಬೊಬ್ಬರು, ಹೀಗೆ ಮೂವರ ಉಸ್ತುವಾರಿ ಸಮಿತಿಯನ್ನು ಮಾಡಿತು. ಅದೇ ನವೆಂಬರಿನಲ್ಲಿ ನೀರು 142 ಅಡಿ ಮುಟ್ಟಿದಾಗ ಎರಡೂ ಕಡೆಯವರು ಅಳತೆಪಟ್ಟಿ ನೋಡುತ್ತಿದ್ದರು.

ಇನ್ನು ಸಂಸತ್ತು ಏನು ಮಾಡಿತು? ದೇಶದ ಎಲ್ಲ ದೊಡ್ಡ ಅಣೆಕಟ್ಟುಗಳಿಗೂ ಅನ್ವಯಿಸುವ ಒಂದು ಕಾನೂನು ಮಾಡಿತು: ಅಣೆಕಟ್ಟು ಸುರಕ್ಷತಾ ಕಾಯ್ದೆ. ಮಸೂದೆ ಎಂದರೆ ಕಾನೂನಾಗುವ ಮೊದಲಿನ ಕರಡು. ಈ ಮಸೂದೆಯನ್ನು ಲೋಕಸಭೆ 2019ರ ಆಗಸ್ಟಿನಲ್ಲಿ ಒಪ್ಪಿತು. ರಾಜ್ಯಸಭೆ ಒಪ್ಪುವ ಹೊತ್ತಿಗೆ 2021ರ ಡಿಸೆಂಬರ್ ಬಂದಿತ್ತು. ಅಷ್ಟರಲ್ಲಿ ಅದರ ಹೆಸರಿನಲ್ಲಿದ್ದ 2019 ಹಳತಾಗಿತ್ತಲ್ಲ, 2021 ಎಂದು ತಿದ್ದಬೇಕಾಯಿತು. ರಾಜ್ಯಸಭೆ ಒಂದು ಅಂಕೆ ತಿದ್ದಿದರೂ ಲೋಕಸಭೆ ಮತ್ತೆ ನೋಡಿ ಒಪ್ಪಬೇಕು. ಹಾಗೇ ಅದು ಹಿಂದಿರುಗಿ ಹೋಗಿ, ಒಪ್ಪಿಗೆ ಪಡೆದು, ರಾಷ್ಟ್ರಪತಿಗಳ ಸಹಿಯಾಗಿ ಕಾನೂನಾಯಿತು. ಎರಡು ಮನೆಗಳೂ ಒಂದೇ ಪದಗಳಿಗೆ, ಒಂದೇ ಅಂಕೆಗಳಿಗೆ ಒಪ್ಪಿರಬೇಕು ಎಂಬ ಈ ಹಟ ನನಗೆ ಇಷ್ಟ. ಈ ಕಾಯ್ದೆಯಲ್ಲಿ ಮುಲ್ಲಪೆರಿಯಾರಿಗೆ ಹೇಳಿ ಬರೆಸಿದಂತಿರುವ ಒಂದು ಅಂಶವಿದೆ. ಒಂದು ರಾಜ್ಯದ ಅಣೆಕಟ್ಟು ಇನ್ನೊಂದು ರಾಜ್ಯದ ನೆಲದಲ್ಲಿದ್ದರೆ, ಅದರ ಸುರಕ್ಷತೆಯನ್ನು ನೋಡುವುದು ಆ ಎರಡು ರಾಜ್ಯಗಳಲ್ಲ, ರಾಷ್ಟ್ರೀಯ ಅಣೆಕಟ್ಟು ಸುರಕ್ಷತಾ ಪ್ರಾಧಿಕಾರ. 2024ರ ಆಗಸ್ಟಿನಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಳಚಿ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಇಂಥ ಕಾನೂನು ಯಾಕೆ ಬೇಕು ಎಂದು ಹೊಸಪೇಟೆ, ಕೊಪ್ಪಳದ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಕಂಬಂನಿಂದ ಬೋಡಿನಾಯಕನೂರಿನ ಕಡೆಗೆ ಹೋದರೆ ಇನ್ನೊಂದು ಬೆಟ್ಟದ ಕತೆ ಇದೆ, ನ್ಯೂಟ್ರಿನೊ ಹಿಡಿಯಲು ಹೊರಟವರ ಕತೆ. ನ್ಯೂಟ್ರಿನೊ ಎಂಬುದು ಬಹಳ ಬಹಳ ಚಿಕ್ಕ ಕಣ. ಸೂರ್ಯನಿಂದ ಹೊರಟು ನಿಮ್ಮ ಮೈಯೊಳಗಿಂದ ಪ್ರತಿ ಸೆಕೆಂಡಿಗೆ ಲಕ್ಷ ಕೋಟಿಗಟ್ಟಲೆ ಹಾದುಹೋಗುತ್ತಿದ್ದರೂ ಗೊತ್ತಾಗುವುದಿಲ್ಲ. ಅದನ್ನು ಹಿಡಿಯಬೇಕಾದರೆ ಬೇರೆ ಕಣಗಳ ಗದ್ದಲ ಬಾರದಂತೆ ದಪ್ಪ ಬಂಡೆಯ ಅಡಿಗೆ ಹೋಗಬೇಕು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದಿದ್ದರು. ಅದೇ ದಾರಿಯಲ್ಲಿ ತೇನಿಯ ಪೊಟ್ಟಿಪುರಂ ಹತ್ತಿರ ಬೋಡಿ ಬೆಟ್ಟದೊಳಗೆ ಸುಮಾರು ಎರಡು ಕಿಲೋಮೀಟರ್ ಸುರಂಗ ಕೊರೆದು, 50,000 ಟನ್ ಕಬ್ಬಿಣದ ಉಪಕರಣ ಇಡುವ ಯೋಜನೆ ಸಿದ್ಧವಾಯಿತು. ಕೇಂದ್ರ ಸಚಿವ ಸಂಪುಟ 2015ರ ಜನವರಿಯಲ್ಲಿ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಸಂಪುಟ ಒಪ್ಪಿದ ಮೇಲೆ ಮುಗಿಯಿತಲ್ಲ ಎಂದರೆ, ಇಲ್ಲ. ದಿಂಡಿಗಲ್ ಬೀಗಕ್ಕೆ ಹೆಸರಾದ ಊರು. ಹಲವು ಕೀಲಿ ಬೇಕಾದ ಬೀಗವೊಂದನ್ನು ನೆನೆಯಿರಿ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕೀಲಿ. ಪರಿಸರದ ಅನುಮತಿ ಬೇಕು. ಅದು ಸರಿಯಾದ ಕ್ರಮದಲ್ಲಿ ಸಿಕ್ಕಿಲ್ಲವೆಂದು ಜನ ದೂರು ಕೊಟ್ಟಾಗ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ತಡೆಹಿಡಿಯಿತು. 2018ರಲ್ಲಿ ಪರಿಸರ ಸಚಿವಾಲಯ ಮತ್ತೆ ಅನುಮತಿ ಕೊಟ್ಟಿತು. ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ ಹತ್ತಿರವೇ ಇರುವುದರಿಂದ ವನ್ಯಜೀವಿ ಮಂಡಳಿಯ ಒಪ್ಪಿಗೆಯೂ ಬೇಕು ಎಂದಿತು ನ್ಯಾಯಮಂಡಳಿ. 2022ರಲ್ಲಿ ತಮಿಳುನಾಡು ಸರ್ಕಾರ, ಹುಲಿಗಳು ಓಡಾಡುವ ದಾರಿ ಇದು, ನಮಗೆ ಈ ಯೋಜನೆ ಬೇಡ ಎಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. ಆ ಸುರಂಗ ಕೊರೆಯುವ ಕೆಲಸ ಶುರುವಾಗಲೇ ಇಲ್ಲ.

ವಿಜ್ಞಾನ ಪ್ರೀತಿಸುವ ನನಗೆ ಆ ಪ್ರಯೋಗಾಲಯ ಆಗಬೇಕೆಂಬ ಆಸೆ ಇದೆ. ಪೊಟ್ಟಿಪುರಂನ ಜನ ತಮ್ಮ ಬೆಟ್ಟ, ತಮ್ಮ ನೀರು ಏನಾಗುತ್ತದೆ ಎಂದು ಕೇಳಿದ್ದೂ ಸರಿಯೇ. ಅವರಿಗೆ ಮೊದಲೇ, ಅವರ ಭಾಷೆಯಲ್ಲಿ, ತಾಳ್ಮೆಯಿಂದ ತಿಳಿಸಿ ಹೇಳುವುದು ವಿಜ್ಞಾನದ್ದೇ ಒಂದು ಕೆಲಸ ಎಂದು ನಾನು ನಂಬುತ್ತೇನೆ. 1886ರ ಗುತ್ತಿಗೆಗೆ ಎರಡು ಸಹಿ ಸಾಕಾಗಿತ್ತು. ಇಂದು ಇಷ್ಟೊಂದು ಕೀಲಿ ಬೇಕು, ತಡವಾಗುತ್ತದೆ. ಆ ತಡದಲ್ಲಿ ಸಾಮಾನ್ಯ ಜನರ ಮಾತಿಗೂ ಜಾಗ ಸಿಗುತ್ತದೆ.

ಮತ ಹಾಕಲು ನಿಮಗಿನ್ನೂ ಸಮಯ ಇದೆ. ಪ್ರಶ್ನೆ ಕೇಳಲು ವಯಸ್ಸು ಬೇಕಿಲ್ಲ. ಸಂಸತ್ತು ನಡೆಯುವ ದಿನಗಳಲ್ಲಿ ‘ಪ್ರಶ್ನೋತ್ತರ ವೇಳೆ’ ಎಂದು ಒಂದು ಗಂಟೆ ಇರುತ್ತದೆ. ಸಂಸದರು ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು. ಉಳಿದ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರುತ್ತದೆ. ಆ ಉತ್ತರಗಳನ್ನು ಯಾರು ಬೇಕಾದರೂ ಓದಬಹುದು. ನಿಮ್ಮ ಸಂಸದರು ಯಾರೆಂದು ಮನೆಯಲ್ಲಿ ಕೇಳಿ ತಿಳಿದುಕೊಂಡು, ಟೀಚರ್ ಸಹಾಯದಿಂದ ಅವರಿಗೊಂದು ಪತ್ರ ಬರೆಯಿರಿ. ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅಣೆಕಟ್ಟಿನ ಪರೀಕ್ಷೆ ಆಗಬೇಕು. ನಿಮ್ಮ ಹತ್ತಿರದ ಅಣೆಕಟ್ಟಿನಲ್ಲಿ ಈ ವರ್ಷ ಅದು ಆಯಿತೆ, ವರದಿ ಏನು ಹೇಳುತ್ತದೆ, ಇಷ್ಟನ್ನೇ ಕೇಳಿ.